ರಾಕ್ ತಂಡಕ್ಕೆ ಶಾಲು ಹೊದಿಸಿದ್ದು ಸಾಕು, ತಾಲೀಮಿಗೊಂದು ಕೋಣೆ ಕೊಡಿ

ಮಾನ್ಯ ಸಂಪಾದಕರೇ,

ಕಲಬುರಗಿಯ ನಾಲ್ವರು ಯುವಕರ ರಾಕ್ ತಂಡವೊಂದು ತಾನೇ ಬರೆದು ರಾಗ ಸಂಯೋಜಿಸಿದ ಕನ್ನಡ ಮತ್ತು ದಖನಿ ಉರ್ದು ಹಾಡುಗಳೊಂದಿಗೆ ಬೆಂಗಳೂರಿನ ಸಂಗೀತೋತ್ಸವಕ್ಕೆ ಆಯ್ಕೆಯಾಗಿರುವ ಸುದ್ದಿಯನ್ನು ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದಿ ಸಂತೋಷವಾಯಿತು. ಆದರೆ ಇಂಥ ಸಂಗೀತದ ಗಂಧಗಾಳಿಯೂ ಇಲ್ಲದ ಊರಿನಲ್ಲಿ ಈ ಹುಡುಗರು ತಾವಾಗಿಯೇ ಮೇಲೆದ್ದು ಬಂದರು ಎನ್ನುವ ವರದಿಯ ಧಾಟಿಯನ್ನು ಮಾತ್ರ ಒಪ್ಪಲಾಗದು. ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ವಾದ್ಯಗಳ ಅಂಗಡಿ ನಡೆಸುವ ನಾನು, ಹಾರ್ಮೋನಿಯಂ ರಿಪೇರಿಗೆಂದು ಬರುವ ಭಜನಾ ಮಂಡಳಿಯವರನ್ನೂ ಗಿಟಾರ್ ತಂತಿ ಕೇಳಿಕೊಂಡು ಬರುವ ಕಾಲೇಜು ಹುಡುಗರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುವವನು. ತಂತಿ ಮಾರುವವನು ಗಿಟಾರಿನ ಪರ ವಕಾಲತ್ತು ವಹಿಸಿದ್ದಾನೆಂದು ಓದುಗರು ನಕ್ಕರೆ ನಗಲಿ. ತಬಲಾದ ಪುಡಿಗಳನ್ನು, ಎಂದರೆ ಚರ್ಮದ ಹೊದಿಕೆಗಳನ್ನು, ಮಾರಿ ಬರುವ ಆದಾಯವೇ ನನಗೆ ಇಂದಿಗೂ ಹೆಚ್ಚು.

ಈ ತಂಡದ ಡ್ರಮ್ಸ್ ವಾದಕ ಮೊದಲು ಕಲಿತದ್ದು ತಬಲಾ. ಬೇಸ್ ಗಿಟಾರ್ ನುಡಿಸುವವನು ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ಬಾರಿಸಿ, ಗಾಯಕ ಶ್ರುತಿ ತಪ್ಪಿದರೂ ಹಾಡು ನಿಲ್ಲದಂತೆ ಸಾಗಿಸುವ ವಿದ್ಯೆಯನ್ನು ಅಲ್ಲಿಯೇ ಕಲಿತವನು. ಹಾಡುವವನ ಮನೆ ಖ್ವಾಜಾ ಬಂದೇ ನವಾಜ್ ದರ್ಗಾಕ್ಕೆ ಸಮೀಪದಲ್ಲಿದ್ದು, ಉರುಸಿನ ರಾತ್ರಿಗಳಲ್ಲಿ ಕೇಳಿದ ಖವ್ವಾಲಿಯ ಏರುದನಿ ಅವನ ಕಂಠದಲ್ಲಿ ಇಂದಿಗೂ ಇದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಕಡಕೋಳ ಮಡಿವಾಳಪ್ಪನವರ, ಚನ್ನೂರ ಜಲಾಲ ಸಾಹೇಬರ ತತ್ವಪದಗಳನ್ನು ಏಕತಾರಿ, ದಮ್ಮಡಿಗಳೊಂದಿಗೆ ರಾತ್ರಿಯಿಡೀ ಹಾಡುವ ಮಂದಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಈ ತಂಡದವರು ಗಿಟಾರಿನ ದಪ್ಪ ತಂತಿಯನ್ನು ಒಂದು ಪೂರ್ಣ ಸ್ವರದಷ್ಟು ಇಳಿಸಿ, ಅದನ್ನು ಬಿಡದೆ ಮಿಡಿಯುತ್ತ, ಏಕತಾರಿ ಮಾಡುವ ಕೆಲಸವನ್ನೇ ಅದರಿಂದ ಮಾಡಿಸುತ್ತಾರೆ. ಅದರ ಮೇಲೆ ಡ್ರಮ್ಸಿನ ಪೆಟ್ಟು ಬೀಳುವಾಗ ಮೊಹರಂ ಹಲಗೆಯ ನಡೆ ನೆನಪಾಗುತ್ತದೆ. ಇದೇನೂ ಎಲ್ಲಿಯೂ ನಡೆಯದ ಪವಾಡವಲ್ಲ. ಕೋಲ್ಕತ್ತದಲ್ಲಿ 1975ರಲ್ಲಿ ಹುಟ್ಟಿದ ಮೊಹೀನೇರ್ ಘೋರಾಗುಲಿ ತಂಡ ಬಂಗಾಳದ ಅಲೆಮಾರಿ ಅನುಭಾವಿ ಗಾಯಕರಾದ ಬಾವುಲರ ಹಾಡುಗಾರಿಕೆಯನ್ನು ಗಿಟಾರಿನೊಂದಿಗೆ ಬೆಸೆದಿತ್ತು. ನಮ್ಮಲ್ಲೇ ರಘು ದೀಕ್ಷಿತ್ ಅವರ ತಂಡ 2008ರ ತನ್ನ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ಪದವನ್ನು ರಾಕ್ ಕೇಳುವ ಹುಡುಗರ ಬಾಯಿಗೆ ತಂದಿತು.

ಹೀಗಿರುವಾಗ ನಮ್ಮ ಊರಿನಲ್ಲಿ ಕೊರತೆಯಿರುವುದು ಪ್ರತಿಭೆಗೂ ಅಲ್ಲ, ಕೇಳುವ ಕಿವಿಗೂ ಅಲ್ಲ. ತಾಲೀಮು ನಡೆಸಲು ಒಂದು ಕೋಣೆ ಇಲ್ಲ. ಸ್ವಂತ ಹಾಡನ್ನು ತಿಂಗಳಿಗೊಮ್ಮೆಯಾದರೂ ಜನರ ಮುಂದೆ ಹಾಡಿ, ಎಡವಿ, ತಿದ್ದಿಕೊಳ್ಳಲು ಒಂದು ಸಣ್ಣ ವೇದಿಕೆ ಇಲ್ಲ.

ಕೋಣೆಯ ವಿಷಯವನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ತಂಡಗಳು ಒಡೆಯುವುದು ಇಲ್ಲಿಯೇ. ಡ್ರಮ್ಸ್ ಬಾರಿಸುವವನ ಪಕ್ಕದಲ್ಲಿ ಶಬ್ದದ ಮಟ್ಟ 100 ಡೆಸಿಬಲ್ ಮುಟ್ಟುವುದು ಸಾಮಾನ್ಯ. ಶಬ್ದ ಮಾಲಿನ್ಯ ನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರ 2000ರಲ್ಲಿ ತಂದ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ಆದ್ದರಿಂದ ನೆರೆಹೊರೆಯವರು ಸಿಟ್ಟಾಗುವುದರಲ್ಲಿ ತಪ್ಪಿಲ್ಲ. ಮಕ್ಕಳ ಪರೀಕ್ಷೆಯ ದಿನಗಳಲ್ಲಿ ಪಕ್ಕದ ಮನೆಯಲ್ಲಿ ಡ್ರಮ್ಸ್ ಬಾರಿಸಿದರೆ ನಾನೂ ಬಾಗಿಲು ತಟ್ಟುತ್ತೇನೆ. ಈ ಹುಡುಗರು ತಾಲೀಮು ಮಾಡುತ್ತಿದ್ದ ಬಾಡಿಗೆ ಕೋಣೆಯನ್ನು ನಾನು ನೋಡಿದ್ದೇನೆ. ತಗಡಿನ ಛಾವಣಿ, ಕೆಳಗೆ ಶಹಾಬಾದ್ ಫರಸಿ, ಗೋಡೆಯ ತುಂಬ ಅಂಟಿಸಿದ ಮೊಟ್ಟೆಯ ಟ್ರೇಗಳು. ಮೊಟ್ಟೆಯ ಟ್ರೇಗಳು ಕೋಣೆಯೊಳಗಿನ ಕರ್ಕಶ ಮರುದನಿಯನ್ನು ಅಷ್ಟಿಷ್ಟು ತಗ್ಗಿಸುತ್ತವೆಯೇ ಹೊರತು ಹೊರಗೆ ಹೋಗುವ ಶಬ್ದವನ್ನು ತಡೆಯುವುದಿಲ್ಲ. ಅದಕ್ಕೆ ಭಾರವಾದ ಗೋಡೆ, ಎರಡು ಪದರಗಳ ನಡುವೆ ಗಾಳಿಯ ಅಂತರ, ಸಂದಿಲ್ಲದಂತೆ ಮುಚ್ಚುವ ಬಾಗಿಲು ಬೇಕು. ಅದಿಲ್ಲದೆ, ಶಬ್ದ ಹೊರಗೆ ಹೋಗಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಉಷ್ಣಾಂಶ 42 ಡಿಗ್ರಿ ದಾಟುವ ನಮ್ಮ ಮೇ ತಿಂಗಳಿನಲ್ಲಿ ನಾಲ್ವರು ಒಳಗೆ ಕುಳಿತು ನುಡಿಸುತ್ತಿದ್ದರು. ಬಿಸಿಗೆ ತಂತಿ ಸಡಿಲಾಗಿ ಪ್ರತಿ ಹಾಡಿನ ನಂತರವೂ ಶ್ರುತಿ ಕೂಡಿಸಬೇಕಾಗುತ್ತಿತ್ತು. ಕೊನೆಗೆ ಮನೆಯ ಮಾಲೀಕರು ಖಾಲಿ ಮಾಡಿಸಿದರು. ನನ್ನ ಅಂಗಡಿಗೆ ಬರುತ್ತಿದ್ದ ಇನ್ನೂ ಕೆಲವು ತಂಡಗಳ ಕಥೆ ಇಂಥದೇ ಒಂದು ಕೋಣೆ ಕೈತಪ್ಪಿದ ದಿನಕ್ಕೇ ಮುಗಿಯಿತು. ಅವರ ಗಿಟಾರುಗಳು ಮರುಮಾರಾಟಕ್ಕೆಂದು ನನ್ನ ಬಳಿಗೇ ಬಂದವು.

ಇನ್ನು ವೇದಿಕೆ. ನಮ್ಮ ಭಾಗದ ಉತ್ಸವಗಳಿಗೆ ಬೆಂಗಳೂರು, ಮುಂಬೈಗಳಿಂದ ಹೆಸರಾಂತ ಗಾಯಕರನ್ನು ಕರೆಸುವುದಕ್ಕೆ ನನ್ನ ತಕರಾರಿಲ್ಲ, ಜನ ಅವರನ್ನು ನೋಡಲೆಂದೇ ಬರುತ್ತಾರೆ. ತಕರಾರಿರುವುದು, ಸ್ಥಳೀಯ ಕಲಾವಿದರು ಎಂಬ ಹಣೆಪಟ್ಟಿಯಡಿ ಊರಿನ ತಂಡಗಳನ್ನು ಮಧ್ಯಾಹ್ನ ಮೂರರ ಬಿಸಿಲಿಗೆ, ಖಾಲಿ ಕುರ್ಚಿಗಳ ಮುಂದೆ, ಸೌಂಡ್ ಚೆಕ್ ಮಾಡಲೂ ಸಮಯ ಕೊಡದೆ ವೇದಿಕೆ ಹತ್ತಿಸುವ ರೂಢಿಗೆ. ಸಂಭಾವನೆಯ ಮಾತೆತ್ತಿದರೆ ಪ್ರಮಾಣಪತ್ರ ಕೊಡುತ್ತೇವಲ್ಲ ಎಂಬ ಉತ್ತರ ಸಿದ್ಧವಿರುತ್ತದೆ. ಹಾಗೆ ನಡೆದ ಒಂದು ಕಾರ್ಯಕ್ರಮದಲ್ಲಿ ಗಾಯಕನಿಗೆ ತನ್ನ ದನಿ ತನಗೆ ಕೇಳಿಸುವಂತೆ ಮುಂದೆ ಇಡಬೇಕಾದ ಮಾನಿಟರ್ ಸ್ಪೀಕರೇ ಇರಲಿಲ್ಲ. ಮೈಕಿಗೆ ತುಂಬಿದ್ದ ಎಕೋ ತೆಗೆಯಿರಿ ಎಂದು ಕೇಳಿಕೊಂಡರೆ, ಸೌಂಡ್ ಸಿಸ್ಟಂನವರು ‘ಎಕೋ ಇಲ್ಲಂದ್ರ ಮಂದಿಗಿ ಸೇರಲ್ರೀ’ ಎಂದುಬಿಟ್ಟರು. ಅವರನ್ನೂ ದೂರುವಂತಿಲ್ಲ, ಭಾಷಣಕ್ಕೂ ಡಿಜೆಗೂ ಒಗ್ಗಿದ ಕೈ ಅದು. ನಾಲ್ಕು ವಾದ್ಯಗಳು ಒಟ್ಟಿಗೆ ಮೊಳಗುವಾಗ ಮಾತು ಸ್ಪಷ್ಟವಾಗಿ ಕೇಳಿಸುವಂತೆ ಮಿಕ್ಸರ್ ನಡೆಸುವ ಅವಕಾಶ ಅವರಿಗೆ ಎಲ್ಲಿ ಸಿಕ್ಕಿದೆ? ಎರಡನೆಯ ಹಾಡಿಗೇ ಸಿನಿಮಾ ಹಾಡು ಹಾಡಿರೆಂಬ ಚೀಟಿ ವೇದಿಕೆಗೆ ಬಂತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ರಾಕ್ ಸಂಗೀತದ ಇತಿಹಾಸದಲ್ಲಿ ದೊಡ್ಡ ಹೆಸರುಗಳ ಹಿಂದೆ ಸಣ್ಣ ಜಾಗಗಳಿವೆ. ಬೀಟಲ್ಸ್ ತಂಡ 1961ರಿಂದ 1963ರವರೆಗೆ ಲಿವರ್‌ಪೂಲಿನ ಕ್ಯಾವರ್ನ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ 292 ಬಾರಿ ನುಡಿಸಿತೆಂದು ದಾಖಲೆಯಿದೆ. ಅವುಗಳಲ್ಲಿ ಎಷ್ಟೋ ಕಾರ್ಯಕ್ರಮಗಳು ಕಚೇರಿಗಳ ಊಟದ ಬಿಡುವಿನಲ್ಲಿ ನಡೆದಂಥವು, ಮತ್ತು ಮುಂದೆ ಅವರ ವ್ಯವಸ್ಥಾಪಕನಾದ ಬ್ರಯಾನ್ ಎಪ್‌ಸ್ಟೀನ್ ಅವರನ್ನು ಮೊದಲು ಕಂಡದ್ದೂ ಅಲ್ಲಿಯೇ. ನ್ಯೂಯಾರ್ಕಿನಲ್ಲಿ 1973ರಲ್ಲಿ ತೆರೆದ ಸಿಬಿಜಿಬಿ ಎಂಬ ಇಕ್ಕಟ್ಟಾದ ಬಾರಿನ ಒಡೆಯ, ಬೇರೆಯವರ ಹಾಡನ್ನಲ್ಲ, ನಿಮ್ಮದೇ ಹಾಡನ್ನು ಹಾಡಬೇಕೆಂಬ ಷರತ್ತು ಹಾಕಿದ್ದ. ರಮೋನ್ಸ್‌ನಂಥ ತಂಡಗಳು ಬೆಳೆದದ್ದು ಆ ಷರತ್ತಿನ ಕೆಳಗೆ. ಅಷ್ಟು ದೂರ ಹೋಗುವುದೂ ಬೇಡ. ಮೇಘಾಲಯ ಸರ್ಕಾರ ಗ್ರಾಸ್‌ರೂಟ್ಸ್ ಮ್ಯೂಸಿಕ್ ಪ್ರಾಜೆಕ್ಟ್ ಎಂಬ ಯೋಜನೆಯಡಿ ಸ್ಥಳೀಯ ಗಾಯಕರನ್ನೂ ಬ್ಯಾಂಡುಗಳನ್ನೂ ಸಾರ್ವಜನಿಕ ಸ್ಥಳಗಳಲ್ಲಿ ನಿಯಮಿತವಾಗಿ ಹಾಡಿಸಿ, ಅದಕ್ಕೆ ಹಣ ಕೊಡುತ್ತಿದೆ. ಸಂವಿಧಾನದ 371ಜೆ ವಿಧಿಯ ಬಲದಿಂದ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೇ ಪಡೆದಿರುವ ನಮ್ಮ ಭಾಗಕ್ಕೆ ಇದು ಮೀರಿದ ಕೆಲಸವೆಂದು ನನಗೆ ತೋರುವುದಿಲ್ಲ.

ಹೊಸ ಕಟ್ಟಡ ಕಟ್ಟಿಸಿ ಎಂದು ನಾನು ಕೇಳುತ್ತಿಲ್ಲ. ಕಟ್ಟಡವೆಂದರೆ ಶಂಕುಸ್ಥಾಪನೆ, ಟೆಂಡರ್, ಅರ್ಧಕ್ಕೆ ನಿಂತ ಕಂಬಗಳು. ಅಷ್ಟರಲ್ಲಿ ಈ ಹುಡುಗರ ಮಕ್ಕಳು ಕಾಲೇಜಿಗೆ ಹೋಗುತ್ತಿರುತ್ತಾರೆ. ನಗರದಲ್ಲಿ ಡಾ. ಎಸ್.ಎಂ. ಪಂಡಿತ ರಂಗಮಂದಿರವಿದೆ, ಕನ್ನಡ ಭವನವಿದೆ, ಕಾಲೇಜುಗಳ ಸಭಾಂಗಣಗಳಿವೆ. ಇವುಗಳಲ್ಲಿ ಯಾವುದಾದರೂ ಒಂದನ್ನು ತಿಂಗಳಿಗೊಂದು ಸಂಜೆ, ಸ್ವಂತ ರಚನೆಗಳನ್ನು ಹಾಡುವ ತಂಡಗಳಿಗೆ ವಿದ್ಯುತ್ ಖರ್ಚಿನಷ್ಟೇ ಬಾಡಿಗೆಗೆ ಕೊಡಬಹುದು. ಗಿಟಾರಿನವರಿಗೆ ಮಾತ್ರವಲ್ಲ, ತತ್ವಪದದವರಿಗೂ ಖವ್ವಾಲಿಯವರಿಗೂ ಅದೇ ಸಂಜೆ ಅದೇ ವೇದಿಕೆ ಸಿಗಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆನ್ನುವ ಅದೇ ಶಬ್ದ ಮಾಲಿನ್ಯ ನಿಯಮಗಳು ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ನೀಡಿವೆಯಾದ್ದರಿಂದ, ಶಬ್ದ ಹೊರಗೆ ಹೋಗದಂತೆ ನೋಡಿಕೊಂಡರೆ ಕಾನೂನಿನ ತೊಡಕೂ ಇಲ್ಲ. ಅದೇ ಕಟ್ಟಡದ ಉಗ್ರಾಣದಂಥ ಒಂದು ಕೋಣೆಗೆ ಗಟ್ಟಿ ಬಾಗಿಲು ಹಾಕಿಸಿ, ಒಂದು ಡ್ರಮ್ಸ್ ಸೆಟ್ ಇರಿಸಿ, ಗಂಟೆಯ ಲೆಕ್ಕದಲ್ಲಿ ತಾಲೀಮಿಗೆ ಬಿಟ್ಟರೆ ಹಲವು ತಂಡಗಳಿಗೆ ಸಾಕಾಗುತ್ತದೆ. ಡ್ರಮ್ಸ್ ಬಾರಿಸುವವರು ತಂತಮ್ಮ ಸ್ನೇರ್, ಸಿಂಬಲ್, ಪೆಡಲ್‌ಗಳನ್ನು ತಾವೇ ತಂದುಕೊಳ್ಳುವುದು ಎಲ್ಲ ಕಡೆಯೂ ಇರುವ ಪದ್ಧತಿ. ಉತ್ಸವಗಳ ಬಜೆಟ್ಟಿನಲ್ಲಿ ಊರಿನ ತಂಡಗಳಿಗೆ ಸಂಭಾವನೆಯೆಂದೇ ಒಂದು ಭಾಗವನ್ನು ಮೊದಲೇ ತೆಗೆದಿರಿಸಿ, ಅವರಿಗೆ ಸಂಜೆ ಏಳರ ನಂತರದ ಸಮಯ ಕೊಡುವುದನ್ನು ಮುಂದಿನ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಿಂದಲೇ ಆರಂಭಿಸಲು ಯಾವ ಅಡ್ಡಿಯೂ ಕಾಣುತ್ತಿಲ್ಲ.

ಕೊನೆಯದಾಗಿ ತಮ್ಮಲ್ಲೂ ಒಂದು ವಿನಂತಿ. ತಂಡ ಬೆಂಗಳೂರಿಗೆ ಆಯ್ಕೆಯಾದ ಮೇಲೆ ಅರ್ಧ ಪುಟದ ವರದಿ ಬಂತು. ಅದಕ್ಕೂ ಮೊದಲು ಅದೇ ತಂಡ ಊರಿನಲ್ಲಿ ಹಾಡಿದ ಸಂಜೆಗಳು ಯಾವ ಪುಟದಲ್ಲೂ ಕಾಣಿಸಲಿಲ್ಲ. ನಗರದ ಇಂದಿನ ಕಾರ್ಯಕ್ರಮಗಳ ಪಟ್ಟಿಯಲ್ಲಿ ಪ್ರವಚನ, ಉಪನ್ಯಾಸ, ಪುಸ್ತಕ ಬಿಡುಗಡೆಗಳ ಜೊತೆಗೆ ಇಂಥ ತಂಡಗಳ ಕಾರ್ಯಕ್ರಮದ ಸ್ಥಳ ಮತ್ತು ಸಮಯವನ್ನು ಎರಡು ಸಾಲಿನಲ್ಲಿ ಪ್ರಕಟಿಸಿದರೆ ಉಪಕಾರವಾದೀತು. ಮಾಹಿತಿಯನ್ನು ಹಿಂದಿನ ದಿನವೇ ತಮ್ಮ ಕಚೇರಿಗೆ ತಲುಪಿಸುವಂತೆ ನನ್ನ ಅಂಗಡಿಗೆ ಬರುವ ಹುಡುಗರಿಗೆ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಾದ್ಯ ವ್ಯಾಪಾರಿ, ಕಲಬುರಗಿ