ಪಾಕವಿಧಾನಗಳಲ್ಲಿ ಉಪ್ಪು, ಎಣ್ಣೆಯ ಅಳತೆಯನ್ನೂ ಮುದ್ರಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ವಾರಾಂತ್ಯದ ಪುರವಣಿಯಲ್ಲಿ ಬರುವ ಅಡುಗೆ ಪುಟವನ್ನು ನಾನು ಬಹುಕಾಲದಿಂದ ಓದುತ್ತ ಬಂದಿದ್ದೇನೆ. ಇತ್ತೀಚೆಗೆ ಆ ಪುಟದಲ್ಲಿ ‘ಆರೋಗ್ಯಕರ’ ಎಂಬ ತಲೆಬರಹದಡಿ ಸಿರಿಧಾನ್ಯದ ಪಲಾವ್, ಓಟ್ಸ್ ದೋಸೆ, ರಾಗಿ ಬರ್ಫಿ ಮುಂತಾದ ಹೊಸ ತಿನಿಸುಗಳು ಹೆಚ್ಚಾಗಿ ಕಾಣಿಸುತ್ತಿವೆ. ಮನೆಯಲ್ಲಿ ಹೊಸದನ್ನು ಮಾಡಿ ನೋಡುವ ಉತ್ಸಾಹ ಓದುಗರಲ್ಲಿ ಬೆಳೆದಿರುವುದು ಸಂತೋಷದ ಸಂಗತಿ. ಅದರಲ್ಲಿ ಪತ್ರಿಕೆಯ ಪಾಲೂ ಇದೆ. ಆದರೆ ಗೋಡಂಬಿ ಎಷ್ಟು, ಏಲಕ್ಕಿ ಎಷ್ಟು ಎಂದು ಎಣಿಸಿ ಹೇಳುವ ಈ ಪಾಕವಿಧಾನಗಳು ಉಪ್ಪಿನ ವಿಷಯ ಬಂದಾಗ ‘ರುಚಿಗೆ ತಕ್ಕಷ್ಟು’ ಎಂದೂ, ಎಣ್ಣೆಯ ವಿಷಯ ಬಂದಾಗ ‘ಒಗ್ಗರಣೆಗೆ’ ಅಥವಾ ‘ಕರಿಯಲು’ ಎಂದೂ ಹೇಳಿ ಮುಗಿಸುತ್ತವೆ. ಮಾಡಿದ್ದು ಎಷ್ಟು ಜನರಿಗೆ ಸಾಕಾಗುತ್ತದೆ ಎಂಬ ವಿವರವೂ ಬಹಳ ಸಲ ಇರುವುದಿಲ್ಲ. ರಕ್ತದೊತ್ತಡ ಮತ್ತು ಹೃದಯದ ಆರೋಗ್ಯಕ್ಕೆ ನೇರವಾಗಿ ಸಂಬಂಧಪಟ್ಟ ಎರಡು ಪದಾರ್ಥಗಳಿಗೇ ಅಳತೆ ಇಲ್ಲದಿದ್ದರೆ, ಆ ಅಡುಗೆಯನ್ನು ಆರೋಗ್ಯಕರ ಎಂದು ಕರೆಯಲು ಆಧಾರವೇನು ಎಂಬ ಪ್ರಶ್ನೆಯನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ವಯಸ್ಕರೊಬ್ಬರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಂದಿಗೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿಯೂ 5 ಗ್ರಾಂ ಮಿತಿಯೇ ಇದೆ. ಅಂದರೆ ಹೆಚ್ಚೂಕಡಿಮೆ ಮಟ್ಟ ಮಾಡಿದ ಒಂದು ಟೀ ಚಮಚ. ನಾಲ್ವರು ದೊಡ್ಡವರಿರುವ ಮನೆಗೆ ಲೆಕ್ಕ ಹಾಕಿದರೆ ದಿನಕ್ಕೆ 20 ಗ್ರಾಂ, ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಉಪ್ಪಿನ ಪೊಟ್ಟಣ ಅಂಥ ಮನೆಯಲ್ಲಿ ಕಡಿಮೆಯೆಂದರೂ 50 ದಿನ ಬರಬೇಕು. ಹೊರಗೆ ತಿನ್ನುವ ತಿಂಡಿ, ಬೇಕರಿಯ ಬ್ರೆಡ್, ಅಂಗಡಿಯ ಚಿಪ್ಸ್ ಇವುಗಳಲ್ಲಿರುವ ಉಪ್ಪನ್ನೂ ಸೇರಿಸಿಕೊಂಡರೆ ಇನ್ನೂ ಹೆಚ್ಚು ದಿನ ಬರಬೇಕು. ಪೊಟ್ಟಣ ಒಡೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಟ್ಟರೆ ಯಾವ ಉಪಕರಣವೂ ಇಲ್ಲದೆ ಪ್ರತಿಯೊಂದು ಮನೆಯೂ ತನ್ನ ಉಪ್ಪಿನ ಖರ್ಚನ್ನು ತಾನೇ ಕಂಡುಕೊಳ್ಳಬಹುದು. ಮನೆಯ ಅಡುಗೆಯಲ್ಲಿ ಪ್ರಯೋಗ ಮಾಡಬೇಕೆನ್ನುವವರು ಹೊಸ ಧಾನ್ಯ ಕೊಳ್ಳುವುದಕ್ಕೂ ಮೊದಲು ಈ ಲೆಕ್ಕದಿಂದ ಆರಂಭಿಸುವುದು ಲೇಸು ಎಂಬುದು, ಬಹುಕಾಲ ಗೃಹವಿಜ್ಞಾನ ಕಲಿಸಿದ ನನ್ನ ಖಚಿತವಾದ ಅಭಿಪ್ರಾಯ.

ನಮ್ಮ ನಾಡಿನ ಊಟದಲ್ಲಿ ಉಪ್ಪು ಎಲ್ಲಿ ಸೇರುತ್ತದೆ ಎಂಬುದನ್ನು ಗಮನಿಸಿದರೆ ಪ್ರಯೋಗಕ್ಕೆ ಯಾವ ಜಾಗ ಸೂಕ್ತವೆಂಬುದು ತಾನಾಗಿಯೇ ತಿಳಿಯುತ್ತದೆ. ಹಳೇ ಮೈಸೂರು ಸೀಮೆಯ ರಾಗಿಮುದ್ದೆ, ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಕರಾವಳಿಯ ಕುಚ್ಚಲಕ್ಕಿ ಗಂಜಿ, ಎಲ್ಲೆಡೆಯ ಬಿಳಿ ಅನ್ನ, ಇವ್ಯಾವುದಕ್ಕೂ ಉಪ್ಪು ಹಾಕಲೇಬೇಕೆಂದಿಲ್ಲ, ಎಣ್ಣೆಯಂತೂ ಬೇಕಾಗಿಯೇ ಇಲ್ಲ. ಕುದಿಯುವ ನೀರು ಹಾಕಿ ನಾದಿ, ತಟ್ಟಿ, ಹೆಂಚಿನ ಮೇಲೆ ನೀರು ಸವರಿ ಬೇಯಿಸುವ ರೊಟ್ಟಿಗಿಂತ ಸರಳವಾದ ಅಡುಗೆ ಇನ್ನೊಂದಿಲ್ಲ. ಇಂಥ ಊಟದಲ್ಲಿ ಉಪ್ಪಿರುವುದು ನೆಂಚಿಕೊಳ್ಳುವ ಸಾರು, ಪಲ್ಯ, ಚಟ್ನಿಪುಡಿ, ಉಪ್ಪಿನಕಾಯಿಗಳಲ್ಲಿ ಮಾತ್ರ. ಊಟ ಮಾಡುವವರು ಎಷ್ಟು ಹಾಕಿಕೊಳ್ಳುತ್ತಾರೋ ಅಷ್ಟು. ಬೆಳಗಿನ ತಿಂಡಿಯ ಸ್ಥಿತಿ ಹಾಗಲ್ಲ. ಉಪ್ಪಿಟ್ಟು, ಚಿತ್ರಾನ್ನ, ಪುಳಿಯೋಗರೆ, ಪಲಾವ್, ದೋಸೆ, ಇಡ್ಲಿ ಇವುಗಳಲ್ಲಿ ಅನ್ನಕ್ಕೆ ಅಥವಾ ಹಿಟ್ಟಿಗೇ ಉಪ್ಪು ಬೆರೆತಿರುತ್ತದೆ. ಅದರ ಮೇಲೆ ಚಟ್ನಿಯದು, ಸಾಂಬಾರಿನದು ಬೇರೆ. ಆದ್ದರಿಂದ ದೋಸೆ ಹಿಟ್ಟಿಗೆ ಹಾಕುವ ಉಪ್ಪನ್ನು ಅರ್ಧಕ್ಕೆ ಇಳಿಸಿ ಚಟ್ನಿಯನ್ನು ಮೊದಲಿನ ರುಚಿಯಲ್ಲಿಯೇ ಉಳಿಸಿಕೊಂಡರೆ ತಿನ್ನುವವರಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಹಿಟ್ಟು ಉಬ್ಬಲೆಂದು ಹಾಕುವ ಅಡುಗೆ ಸೋಡದಲ್ಲಿಯೂ ಉಪ್ಪಿನಲ್ಲಿರುವ ಸೋಡಿಯಂ ಅಂಶವೇ ಇದೆಯೆಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಚೆನ್ನಾಗಿ ಹುದುಗಿದ ಹಿಟ್ಟಿಗೆ ಸೋಡದ ಅಗತ್ಯವೂ ಇಲ್ಲ.

ಒಂದೇ ಒಂದು ಅಡುಗೆಯನ್ನು ಹತ್ತಿರದಿಂದ ನೋಡೋಣ. ಬಸ್ಸಾರು ನಮ್ಮ ಭಾಗದ ದಿನನಿತ್ಯದ ಅಡುಗೆ. ದಂಟಿನ ಸೊಪ್ಪು, ಸಬ್ಬಸಿಗೆ ಸೊಪ್ಪು, ಜೊತೆಗೆ ಅಲಸಂದೆ ಕಾಳನ್ನೋ ತೊಗರಿಬೇಳೆಯನ್ನೋ ಬೇಯಿಸಿ, ನೀರನ್ನು ಬಸಿದುಕೊಂಡು, ಆ ನೀರಿಗೆ ಹುರಿದು ರುಬ್ಬಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿತುರಿ, ಹುಣಸೆಹಣ್ಣಿನ ಖಾರ ಸೇರಿಸಿ ಕುದಿಸಿದರೆ ಸಾರು; ಬಸಿದುಳಿದ ಸೊಪ್ಪು, ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಸೊಪ್ಪು ಬೆಂದ ನೀರನ್ನು ಚೆಲ್ಲದೆ ಸಾರಿಗೇ ಬಳಸುವುದರಿಂದ ನೀರಿನಲ್ಲಿ ಕರಗುವ ಜೀವಸತ್ವಗಳಲ್ಲಿ ಉಳಿದಷ್ಟೂ ಊಟದಲ್ಲಿಯೇ ಸೇರುತ್ತವೆ ಎಂಬುದು ಈ ಅಡುಗೆಯ ದೊಡ್ಡ ಗುಣ. ಆದರೆ ರೂಢಿಯಲ್ಲಿ ಇದಕ್ಕೆ ಮೂರು ಸಲ ಉಪ್ಪು ಬೀಳುತ್ತದೆ: ಸೊಪ್ಪು ಬೇಯುವಾಗ ಒಮ್ಮೆ, ಸಾರು ಕುದಿಯುವಾಗ ಒಮ್ಮೆ, ಪಲ್ಯಕ್ಕೆ ಇನ್ನೊಮ್ಮೆ. ಬೇಯಿಸುವಾಗ ಉಪ್ಪು ಹಾಕುವುದನ್ನು ಪೂರ್ತಿ ಬಿಟ್ಟು, ನಾಲ್ವರ ಅಡುಗೆಗೆ ಸಾರಿಗೆ ಮುಕ್ಕಾಲು ಚಮಚ, ಪಲ್ಯಕ್ಕೆ ಕಾಲು ಚಮಚ ಉಪ್ಪನ್ನು ಕೊನೆಯಲ್ಲಿ ಹಾಕಿದರೆ ಎರಡಕ್ಕೂ ಸೇರಿ ಒಂದು ಚಮಚದಲ್ಲಿ ಮುಗಿಯುತ್ತದೆ. ಬೆಳ್ಳುಳ್ಳಿಯನ್ನು ಇನ್ನೆರಡು ಎಸಳು ಹೆಚ್ಚಿಸಿ, ಮೆಣಸನ್ನು ಆಗಷ್ಟೇ ಕುಟ್ಟಿ ಹಾಕಿದರೆ ಸಾರು ಸಪ್ಪೆಯೆನಿಸುವುದಿಲ್ಲ. ಮೊದಲ ಕೆಲವು ದಿನ ಮನೆಯವರು ಉಪ್ಪು ಕೇಳಬಹುದು. ಕ್ರಮೇಣ, ಕೆಲವು ವಾರಗಳಲ್ಲಿ, ನಾಲಿಗೆ ಹೊಸ ಹದಕ್ಕೆ ಒಗ್ಗಿಕೊಳ್ಳುತ್ತದೆ. ಬೇಕಾದವರು ಬಡಿಸಿಕೊಂಡ ಮೇಲೆ ಹಾಕಿಕೊಳ್ಳಲೆಂದು ಉಪ್ಪಿನ ಬಟ್ಟಲನ್ನು ಊಟದ ಜಾಗದಲ್ಲಿಡುವ ಅಭ್ಯಾಸವನ್ನು ಮಾತ್ರ ನಿಲ್ಲಿಸಬೇಕು.

ಉಪ್ಪು ಕಡಿಮೆಯಾದ ಕಡೆ ಹುಳಿ ಕೈಹಿಡಿಯುತ್ತದೆ. ಪಲ್ಯ, ಕೋಸಂಬರಿ, ಮೊಳಕೆ ಬಂದ ಹೆಸರುಕಾಳಿಗೆ ನಿಂಬೆರಸ ಹಿಂಡುವುದರಿಂದ ರುಚಿ ಏಳುತ್ತದೆ. ಅದರಲ್ಲಿರುವ ‘ಸಿ’ ಜೀವಸತ್ವದಿಂದ ಸೊಪ್ಪು, ಕಾಳುಗಳ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಮಾವಿನಕಾಯಿ, ನೆಲ್ಲಿಕಾಯಿಗಳ ಕಾಲದಲ್ಲಿ ಅವನ್ನೇ ತುರಿದು ಹಾಕಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೀಗಿರುವಾಗ ಪಾಕವಿಧಾನದ ಕೊನೆಯಲ್ಲಿ ‘ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಊಟದ ಬೆನ್ನಿಗೇ ಚಹ, ಕಾಫಿ ಬೇಡ’ ಎಂಬ ಒಂದು ಸಾಲು ಸೇರಿದರೂ ಅದರಿಂದ ಉಪಕಾರವಾಗುತ್ತದೆ.

ಎಣ್ಣೆಯ ವಿಷಯದಲ್ಲಿ ಪ್ರಧಾನ ಮಂತ್ರಿಗಳು 2025ರ ಫೆಬ್ರುವರಿಯ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ಅಡುಗೆ ಎಣ್ಣೆಯ ಬಳಕೆಯನ್ನು ಶೇ 10ರಷ್ಟು ತಗ್ಗಿಸುವಂತೆ ದೇಶದ ಜನರನ್ನು ಕೋರಿದ್ದರು. ಈಗ ಎಷ್ಟು ಬಳಸುತ್ತಿದ್ದೇವೆಂಬುದು ಗೊತ್ತಿದ್ದರೆ ತಾನೇ ಶೇ 10 ತಗ್ಗಿಸಲು ಸಾಧ್ಯ? ಮೈಮುರಿದು ದುಡಿಯುವ ಕೆಲಸದಲ್ಲಿಲ್ಲದವರಿಗೆ ತುಪ್ಪ, ಬೆಣ್ಣೆಯೂ ಸೇರಿ ದಿನಕ್ಕೆ ತಲಾ 20ರಿಂದ 30 ಗ್ರಾಂ ಸಾಕೆನ್ನುತ್ತಾರೆ ಪೋಷಣಾ ತಜ್ಞರು. ಒಂದು ಟೀ ಚಮಚ ಎಣ್ಣೆಯೆಂದರೆ ನಾಲ್ಕೂವರೆ ಗ್ರಾಂನಷ್ಟು, ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋ ಕ್ಯಾಲರಿ. ಡಬ್ಬಿಯಿಂದ ನೇರವಾಗಿ ಬಾಣಲೆಗೆ ಸುರಿಯುವ ಕೈಗೆ ಈ ಲೆಕ್ಕ ಸಿಗುವುದಿಲ್ಲ. ಚಮಚದಿಂದ ಅಳೆದು ಹಾಕುವ ಕೈಗೆ ಸಿಗುತ್ತದೆ. ಅಗಲವಾದ ಬಾಣಲೆಯಲ್ಲಿ ಎಣ್ಣೆ ಹರಡಿಹೋಗುವುದರಿಂದ ಸಾಸಿವೆ ಸಿಡಿಯಲು ಮೂರು ನಾಲ್ಕು ಚಮಚ ಬೇಕೆನಿಸುತ್ತದೆ, ಆದರೆ ಗುಳಿಯಿರುವ ಒಗ್ಗರಣೆ ಸೌಟಿನಲ್ಲಿ ಒಂದೇ ಚಮಚ ಎಣ್ಣೆ ತಳದಲ್ಲಿ ನಿಂತು ಸಾಸಿವೆ, ಉದ್ದಿನಬೇಳೆ, ಕರಿಬೇವು ಎಲ್ಲವೂ ಅದರಲ್ಲಿಯೇ ಹದವಾಗಿ ಸಿಡಿಯುತ್ತವೆ. ಹುರುಳಿಕಾಯಿ, ಬೀಟ್‌ರೂಟ್‌ನಂಥ ತರಕಾರಿಗಳ ಪಲ್ಯಕ್ಕೆ ಒಂದಿಷ್ಟು ನೀರು ಚಿಮುಕಿಸಿ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಎಣ್ಣೆಯಲ್ಲಿ ಬಾಡಿಸುವ ಕೆಲಸವೇ ತಪ್ಪುತ್ತದೆ. ವಡೆ, ಬೋಂಡದ ಹಿಟ್ಟನ್ನು ಪಡ್ಡಿನ ಹೆಂಚಿನಲ್ಲಿ ಹಾಕಿ ನೋಡುವ ಪ್ರಯೋಗ ಈಗಾಗಲೇ ಅನೇಕ ಮನೆಗಳಲ್ಲಿ ನಡೆದಿದೆ. ಕರಿದದ್ದರ ರುಚಿ ಅದಕ್ಕೆ ಪೂರ್ತಿ ಬರುವುದಿಲ್ಲವೆಂಬುದು ನಿಜ, ಆದರೂ ಸಂಜೆಯ ತಿಂಡಿಯಾಗಿ ಅದು ತಾನೇ ಒಂದು ಒಳ್ಳೆಯ ಪದಾರ್ಥ. ಹಬ್ಬಕ್ಕೆ ಕರಿಯಬೇಡಿರೆಂದು ನಾನು ಹೇಳುತ್ತಿಲ್ಲ. ಕರಿದುಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದೆಂಬುದನ್ನು ಅಂಥ ಪಾಕವಿಧಾನದ ಜೊತೆಯಲ್ಲಿಯೇ ಮುದ್ರಿಸಬೇಕೆಂಬುದಷ್ಟೇ ನನ್ನ ಮಾತು.

ಸಿರಿಧಾನ್ಯಗಳ ಬಗ್ಗೆಯೂ ಒಂದೆರಡು ಮಾತು ಹೇಳಬೇಕಾಗಿದೆ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ನವಣೆ, ಸಾಮೆ, ಊದಲು, ಹಾರಕ, ಕೊರಲೆಗಳ ಹೆಸರು ಪಟ್ಟಣದ ಮನೆಗಳಿಗೂ ತಲುಪಿತು. ರಾಗಿಯ ಹೊರಪದರ ಕಾಳಿಗೆ ಗಟ್ಟಿಯಾಗಿ ಅಂಟಿರುವುದರಿಂದ ನಾವು ಅದನ್ನು ಇಡಿಯಾಗಿಯೇ ಹಿಟ್ಟು ಮಾಡಿಸುತ್ತೇವೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ ಇರುವಾಗ ಬಿಳಿ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ಉಳಿದ ಕಿರುಧಾನ್ಯಗಳಿಗೆ ಮೇಲಿನ ಹೊಟ್ಟು ತೆಗೆಯಲೇಬೇಕು, ಆದರೆ ಹೊಟ್ಟು ತೆಗೆದ ಮೇಲೂ ಬೆಳ್ಳಗಾಗಲೆಂದು ಪಾಲಿಶ್ ಮಾಡಿದರೆ ತೌಡಿನೊಂದಿಗೆ ನಾರೂ ಜೀವಸತ್ವಗಳೂ ಹೋಗುತ್ತವೆ. ಸ್ವಲ್ಪ ಮಸುಕಾಗಿ ಕಾಣುವ ಧಾನ್ಯವನ್ನೇ ಆರಿಸಿ ತಂದು, ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಬೇಯಿಸಿದರೆ ಅದು ಮೆತ್ತಗಾಗುತ್ತದೆ. ಒಂದೇ ಸಲಕ್ಕೆ ಅಕ್ಕಿಯನ್ನು ಬಿಟ್ಟುಬಿಡಬೇಕಾಗಿಯೂ ಇಲ್ಲ; ಇಡ್ಲಿಗೆ ನೆನೆಹಾಕುವ ಅಕ್ಕಿಯಲ್ಲಿ ಮೂರನೆಯ ಒಂದು ಭಾಗ ನವಣೆ ಸೇರಿಸುವುದರಿಂದ ಆರಂಭಿಸಿದರೆ ಮನೆಯ ಹಿರಿಯರೂ ಮಕ್ಕಳೂ ಗೊಣಗದೆ ತಿನ್ನುತ್ತಾರೆ. ಅಂಗಡಿಯ ‘ರಾಗಿ ಬಿಸ್ಕತ್ತು’, ‘ಸಿರಿಧಾನ್ಯ ನೂಡಲ್ಸ್’ ಬೇರೆಯೇ ವಿಷಯ. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿರುವುದರಿಂದ ಮೊದಲ ಹೆಸರು ಮೈದಾ ಆಗಿದ್ದರೆ ಅದು ಮುಖ್ಯವಾಗಿ ಮೈದಾದ ತಿನಿಸೇ. ಅಲ್ಲಿ ಸೋಡಿಯಂ ಎಂದು ಬರೆದಿರುವ ಮಿಲಿಗ್ರಾಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ: 1,000 ಮಿಲಿಗ್ರಾಂ ಸೋಡಿಯಂ ಎಂದರೆ ಎರಡೂವರೆ ಗ್ರಾಂ ಉಪ್ಪು, ದಿನದ ಮಿತಿಯ ಅರ್ಧ.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಸೈಂಧವ ಲವಣ, ಕಲ್ಲುಪ್ಪು ಆರೋಗ್ಯಕ್ಕೆ ಒಳ್ಳೆಯದೆಂದು ಕೇಳಿ ಅಯೋಡಿನ್ ಬೆರೆಸಿದ ಉಪ್ಪನ್ನು ಬಿಡುವವರು ಹೆಚ್ಚುತ್ತಿದ್ದಾರೆ. ಅವುಗಳಲ್ಲಿಯೂ ಮುಖ್ಯವಾಗಿರುವುದು ಅದೇ ಸೋಡಿಯಂ ಕ್ಲೋರೈಡ್. ಕಳೆದುಕೊಳ್ಳುವುದು ಗಳಗಂಡವನ್ನು ತಡೆಯುವ ಅಯೋಡಿನ್. ಪೊಟ್ಯಾಸಿಯಂ ಬೆರೆತ ಕಡಿಮೆ ಸೋಡಿಯಂನ ಉಪ್ಪನ್ನು ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಶಿಫಾರಸು ಮಾಡಿತಾದರೂ ಮೂತ್ರಪಿಂಡದ ತೊಂದರೆಯಿರುವವರನ್ನು, ಗರ್ಭಿಣಿಯರನ್ನು, ಮಕ್ಕಳನ್ನು ಆ ಶಿಫಾರಸಿನಿಂದ ಹೊರಗಿಟ್ಟಿದೆ. ಮಧುಮೇಹ, ರಕ್ತದೊತ್ತಡಗಳಿಗೆ ಮಾತ್ರೆ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಇಂಥ ಬದಲಾವಣೆ ಮಾಡಿಕೊಳ್ಳಬಾರದು. ಪುರವಣಿಯಲ್ಲಿ ಈ ಉಪ್ಪುಗಳ ಹೆಸರು ಬಂದಾಗಲೆಲ್ಲ ಇದನ್ನು ಒಂದು ಸಾಲಿನಲ್ಲಿ ತಿಳಿಸುವುದು ಪತ್ರಿಕೆಯ ಹೊಣೆಯೆಂದು ನಾನು ಭಾವಿಸುತ್ತೇನೆ.

ಇನ್ನು ಆರೋಗ್ಯಕರ ಅಡುಗೆಯ ಹೆಸರಿನಲ್ಲಿ ಹೆಚ್ಚುವ ಕೆಲಸ ಯಾರ ಹೆಗಲಿಗೆ ಬೀಳುತ್ತದೆ ಎಂಬ ವಿಚಾರ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಿದ್ದರೆ ಪುರುಷರು ಕೊಡುತ್ತಿರುವುದು 88 ನಿಮಿಷ. ಮೊಳಕೆ ಕಟ್ಟುವುದು, ನೆನೆಸುವುದು, ಹುದುಗಿಸುವುದು, ಸೊಪ್ಪು ಸೋಸುವುದು ಎಲ್ಲವೂ ಹೊತ್ತು ಬೇಡುವ ಕೆಲಸಗಳು. ಮನೆಯವರೆಲ್ಲರ ಆರೋಗ್ಯಕ್ಕಾಗಿ ನಡೆಯುವ ಪ್ರಯೋಗದಲ್ಲಿ ಮನೆಯವರೆಲ್ಲರ ಕೈಯೂ ಸೇರಬೇಕು. ಸೊಪ್ಪು ಸೋಸಲು, ಉಪ್ಪು ಅಳೆಯಲು ಗಂಡಸರಿಗೂ ಬರುತ್ತದೆ. ಅಡುಗೆ ಪುಟದ ಚಿತ್ರಗಳಲ್ಲಿ ಒಲೆಯ ಮುಂದೆ ಯಾವಾಗಲೂ ಹೆಂಗಸರನ್ನೇ ತೋರಿಸುವ ಪದ್ಧತಿಯನ್ನು ತಾವು ಬದಲಿಸಿದರೆ ಅದಕ್ಕೊಂದು ನೆರವಾಗುತ್ತದೆ.

ಆದ್ದರಿಂದ ಮುಂದಿನ ವಾರಗಳಲ್ಲಿ ಮುದ್ರಿಸುವ ಪ್ರತಿಯೊಂದು ಪಾಕವಿಧಾನದ ತಲೆಯಲ್ಲಿ ಅದು ಎಷ್ಟು ಜನರಿಗೆ, ಉಪ್ಪು ಎಷ್ಟು ಚಮಚ, ಎಣ್ಣೆ ಎಷ್ಟು ಚಮಚ, ಸಕ್ಕರೆ ಅಥವಾ ಬೆಲ್ಲ ಎಷ್ಟು, ನೆನೆಸುವ ಹೊತ್ತೂ ಸೇರಿ ಎಷ್ಟು ಸಮಯ ಬೇಕು ಎಂಬುದನ್ನು ನಮೂದಿಸಬೇಕೆಂದು ತಮ್ಮಲ್ಲಿ ಕೋರುತ್ತೇನೆ. ಬರೆದು ಕಳಿಸುವ ಓದುಗರಿಗೂ ಇದೇ ಸೂಚನೆ ಕೊಡಬಹುದು. ಅಳತೆಯಿಲ್ಲದೆ ಬಂದ ಬರಹವನ್ನು ಮರಳಿ ಕೇಳಿ ಸರಿಪಡಿಸಿಕೊಳ್ಳಬಹುದು. ಯುಗಾದಿ, ದೀಪಾವಳಿಯ ವಿಶೇಷ ಪುಟಗಳಿಗೂ ಈ ಕ್ರಮ ಅನ್ವಯವಾಗಲಿ, ಏಕೆಂದರೆ ಓದುಗರು ಕತ್ತರಿಸಿ ಜೋಪಾನವಾಗಿ ಇಟ್ಟುಕೊಳ್ಳುವುದು ಆ ಪುಟಗಳನ್ನೇ.

ಇಂತಿ ತಮ್ಮ ವಿಶ್ವಾಸಿ,
ಗೃಹವಿಜ್ಞಾನದ ನಿವೃತ್ತ ಉಪನ್ಯಾಸಕಿ, ತುಮಕೂರು