ಹೊಂಡ ತೆಗೆದವರ ಹೆಸರು ಎಫ್‌ಐಆರ್‌ನಲ್ಲಿ ಯಾಕಿಲ್ಲ? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಕಳೆದ ಮಳೆಗಾಲದಲ್ಲಿ ಶಿರಸಿ ಹತ್ತಿರದ ನಮ್ಮೂರ ರಸ್ತೆಯಲ್ಲಿ ಮೋರಿ ಹಾಕಲು ಹೊಂಡ ತೆಗೆದು ಹಾಗೇ ಬಿಟ್ಟಿದ್ದರು. ದೀಪ ಇಲ್ಲ, ಬ್ಯಾರಿಕೇಡ್ ಇಲ್ಲ. ಒಂದು ಸೊಪ್ಪಿನ ಟೊಂಗೆ ಹುಗಿದು ಹೋಗಿದ್ದರು, ಅಷ್ಟೇ. ರಾತ್ರಿ ಎಂಟರ ಹೊತ್ತಿಗೆ, ಎದುರಿನದು ಕಾಣದಷ್ಟು ಮಳೆಯಲ್ಲಿ, ಪಕ್ಕದ ಮನೆ ಅಣ್ಣನ ಬೈಕ್ ಅದರೊಳಗೆ ಬಿತ್ತು. ಹಿಂದೆ ಕೂತಿದ್ದ ಅತ್ತಿಗೆ ಉಳಿಯಲಿಲ್ಲ. ಬೆಳಿಗ್ಗೆ ನಾನು ಹೋದಾಗ ಕೆಂಪು ನೀರಿನಲ್ಲಿ ಅವರ ಒಂದು ಚಪ್ಪಲಿ ತೇಲುತ್ತಿತ್ತು. ಮಧ್ಯಾಹ್ನದೊಳಗೆ ಅಲ್ಲಿಗೆ ನಾಲ್ಕು ಡ್ರಮ್ ಬಂತು, ಹೊಳೆಯುವ ಪಟ್ಟಿಯೂ ಬಂತು.

ಕೇಸು ಬಿದ್ದಿದ್ದು ಅಣ್ಣನ ಮೇಲೆ. 'ಅತಿವೇಗ ಹಾಗೂ ನಿಷ್ಕಾಳಜಿಯಿಂದ ಚಲಾಯಿಸಿ' ಹೆಂಡತಿಯ ಸಾವಿಗೆ ಕಾರಣ ಅಂತ. ಪೇಪರಿನಲ್ಲಿ ದಿನಾ ಓದುವ ಅದೇ ಸಾಲು.

ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಇದು. ಮೊದಲು ಹಳೆಯ ದಂಡ ಸಂಹಿತೆಯ (ಐಪಿಸಿ) 304ಎ ಇತ್ತು, ಹೆಚ್ಚೆಂದರೆ 2 ವರ್ಷ ಶಿಕ್ಷೆ. 2024ರ ಜುಲೈ 1ರಿಂದ ಅದು 5 ವರ್ಷದವರೆಗೆ ಆಗಿದೆ. ಕೊಲ್ಲುವ ಉದ್ದೇಶ ಬೇಕಿಲ್ಲ, ಸಾಯಬಹುದು ಅಂತ ಗೊತ್ತಿರಬೇಕಾಗಿಯೂ ಇಲ್ಲ. ಗೊತ್ತಿದ್ದೂ ಮಾಡಿದರೆ ಅದು 105ನೇ ಕಲಂ, 10 ವರ್ಷದವರೆಗೆ ಜೈಲು. ಹಾಗಂತ ಕೈತಪ್ಪಿ ಆದದ್ದೆಲ್ಲ ಅಪರಾಧ ಅಲ್ಲ. ಸಾಧಾರಣ ಮನುಷ್ಯ ಇಟ್ಟುಕೊಳ್ಳುವ ಎಚ್ಚರವನ್ನೂ ಪೂರ್ತಿ ಕೈಬಿಟ್ಟು, ಅದರಿಂದಲೇ ಸಾವು ಬಂದಿರಬೇಕು. ಮುಖ್ಯ ಮಾತು ಏನೆಂದರೆ, ಈ ಕಲಂನಲ್ಲಿ 'ಡ್ರೈವರ್' ಅನ್ನುವ ಶಬ್ದವೇ ಇಲ್ಲ. 'ಯಾರೇ ಆಗಲಿ' ಅಂತಿದೆ. ಮಾಡಬೇಕಾದ ಕೆಲಸ ಮಾಡದೆ ಬಿಟ್ಟವರಿಗೂ ಅದು ಅನ್ವಯ ಆಗುತ್ತದೆ. ಟೊಂಗೆ ಹುಗಿದವರಿಗೆ ಅಪಾಯ ಗೊತ್ತಿತ್ತು ತಾನೇ? ಮರುದಿನ ಬಂದ ಡ್ರಮ್ ಹಿಂದಿನ ದಿನವೂ ಬರಬಹುದಿತ್ತು, ಅಲ್ವಾ?

ಮೋಟಾರು ವಾಹನ ಕಾಯ್ದೆಯಲ್ಲಿ 198ಎ ಅಂತ ಒಂದಿದೆ, 2019ರ ತಿದ್ದುಪಡಿಯಲ್ಲಿ ಸೇರಿದ್ದು. ರಸ್ತೆ ಕೆಲಸ ನಿಯಮದಂತೆ ಮಾಡದೆ ಜೀವ ಹೋದರೆ ಗುತ್ತಿಗೆದಾರರಿಗೂ ಇಲಾಖೆಗೂ 1 ಲಕ್ಷ ರೂಪಾಯಿವರೆಗೆ ದಂಡ. ಅದನ್ನಾದರೂ ಹಾಕಿದ್ದಾರಾ? ಇಲ್ಲ.

ಅಣ್ಣನ ಕೇಸು ತೆಗೆಸಿ ಅಂತ ನಾನು ಕೇಳುತ್ತಿಲ್ಲ. ಅದನ್ನು ಕೋರ್ಟ್ ನೋಡಲಿ. ಇಲಾಖೆಗಳ ಕೆಲಸ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ನೀವು ಒಂದು ಮಾತು ಎತ್ತಬೇಕು. ರಸ್ತೆ ಕೆಲಸ ನಡೆಯುವಲ್ಲಿ ಯಾರಾದರೂ ಸತ್ತರೆ, ಪೊಲೀಸರು ಜಾಗ ನೋಡಿ ಬರೆಯುವ ಸ್ಥಳ ಮಹಜರಿನಲ್ಲಿ ದೀಪ, ಬೋರ್ಡು, ಬ್ಯಾರಿಕೇಡ್ ಇತ್ತೋ ಇಲ್ಲವೋ ಬರೆಯಬೇಕು. ಕೆಲಸ ಯಾರದ್ದು, ನೋಡಿಕೊಳ್ಳುವ ಎಂಜಿನಿಯರ್ ಯಾರು ಅನ್ನುವುದೂ ಬರಬೇಕು. ನಮ್ಮ ಕೇಸಿನ ಮಹಜರಿನಲ್ಲಿ ಹೊಂಡದ ಉದ್ದ ಅಗಲ ಮಾತ್ರ ಇದೆ. ಚಾರ್ಜ್‌ಶೀಟ್ ಇನ್ನೂ ಹಾಕಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ