ಎರಡು ಮೊಟ್ಟೆ, ತಾಗಿದ್ದು ಒಂದು

ಲೋ ಚಂದ್ರು,

ಫೋನ್ ಮಾಡಿದರೆ ನೀನು ಇಲ್ಲಿ ಐರ್ಲೆಂಡಿನ ಡಬ್ಲಿನ್ನಿನ ಮಳೆ ಕೇಳುತ್ತೀಯ, ನಾನು ನಿನ್ನ ಬಿ.ಪಿ. ಕೇಳುತ್ತೇನೆ, ಅಲ್ಲಿಗೆ ಮಾತು ಮುಗಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ಬರೆಯೋದಾದ್ರೆ ನನಗೊಬ್ಬನಿಗೆ ಬರಿ, ಊರಿಗೆಲ್ಲ ಯಾಕೆ ಓದಿಸ್ತೀಯ ಅಂತ ನೀನು ಕೇಳೇ ಕೇಳುತ್ತೀಯ. ನಾಲ್ಕು ಜನ ನೋಡುತ್ತಿದ್ದರೆ ಅರ್ಧಕ್ಕೆ ಬಿಟ್ಟು ಓಡೋಕಾಗಲ್ಲ, ಅದಕ್ಕೆ. ಹಾಸ್ಟೆಲಿನ ಬಕೆಟ್ ಪ್ರಕರಣದಲ್ಲಿ ನೀನೇ ಹೇಳಿಕೊಟ್ಟ ನೀತಿ ಇದು. (ಉಳಿದವರು ಕ್ಷಮಿಸಿ. ಬಕೆಟ್ ಪ್ರಕರಣ ಹೇಳುವಂಥದ್ದಲ್ಲ.)

ವಿಷಯ ಇಷ್ಟೇ. ಸೆಪ್ಟೆಂಬರಿನಲ್ಲಿ ಒಂದು ಶನಿವಾರ ನಾನೂ ಮಗಳು ಪುಟ್ಟಿಯೂ ಲೈಬ್ರರಿಗೆ ಹೋಗಿ ಬರುವಾಗ ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಅವಳಿಗೀಗ ಎಂಟು. ಓದಿದ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದಳು. ಜೋರಾಗಿ. ದನಿ ಅರಸೀಕೆರೆಯ ಅಜ್ಜಿಯದು, ನಿನಗೆ ಗೊತ್ತಲ್ಲ, ಎರಡು ಬೀದಿ ಆಚೆಗೆ ಕೇಳಿಸಬೇಕು. ಅಷ್ಟರಲ್ಲಿ ನಾಲ್ಕು ಹುಡುಗರು ಬಂದರು. ಹದಿಮೂರು ಹದಿನಾಲ್ಕು ವರ್ಷ ಇರಬಹುದು. 'ಗೋ ಬ್ಯಾಕ್ ಟು ಇಂಡಿಯಾ' ಅಂದರು, ನಡುವೆ ಒಂದು ಬೈಗುಳ ಸೇರಿಸಿ. ಆಮೇಲೆ ಮೊಟ್ಟೆ ಬಂತು. ಪುಟ್ಟಿಯ ಹೆಗಲಿಗೆ ಬಡಿದು ಒಡೆದು, ಜಾಕೆಟ್ಟಿನ ಜಿಪ್ಪಿನ ಗುಂಟ ಇಳಿಯಿತು.

ನಾನು ನಕ್ಕೆ ಕಣೋ.

ಬೈಯಲಿಲ್ಲ, ಅಡ್ಡ ನಿಲ್ಲಲಿಲ್ಲ. 'ಓಕೆ ಗೈಸ್, ಓಕೆ' ಅಂತ ಕೈ ಎತ್ತಿ, ಸಾಲ ಕೇಳಲು ಹೋದವನು ಮ್ಯಾನೇಜರ್ ಎದುರು ನಗುತ್ತಾನಲ್ಲ, ಹಾಗೆ ನಕ್ಕೆ. ಅವರೂ ನಕ್ಕರು. ಹೋದರು.

ಮನೆಗೆ ಬಂದವನೇ ಜಾಕೆಟ್ಟನ್ನು ಸಿಂಕಿನಲ್ಲಿ ಹಾಕಿ ಬಿಸಿನೀರು ಬಿಟ್ಟೆ. ಬಿಸಿನೀರಿಗೆ ಮೊಟ್ಟೆ ಬೇಯುತ್ತೆ ಅನ್ನುವಷ್ಟು ಬುದ್ಧಿ ಇಲ್ಲ. ಬಿಳಿ ಬಿಳಿ ಚೂರಾಗಿ ಬಟ್ಟೆಯ ಹೊಲಿಗೆಯೊಳಗೆ ಕಚ್ಚಿಕೊಂಡು ಕೂತಿತು. ಹಲ್ಲುಜ್ಜುವ ಬ್ರಷ್ಷಿನಲ್ಲಿ ಮುಕ್ಕಾಲು ಗಂಟೆ ಕೆರೆದೆ. ಆಮ್ಲೆಟ್ ತಿನ್ನೋದು ಕಲಿಸಿದೆ, ತೊಳೆಯೋದು ಕಲಿಸಲಿಲ್ಲ ನೀನು. ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳ ಮೊದಲ ಮಾತು: "ಅಯ್ಯೋ, ಮೊಟ್ಟೇನಾ? ಮಗೂಗೆ ತಲೆಗೆ ಸ್ನಾನ ಮಾಡಿಸಿದ್ಯೇನೋ?"

ಆಗ ನಾನೂ ಅವಳೂ ಬಿದ್ದು ಬಿದ್ದು ನಕ್ಕೆವು. ಅವಳು ಅಂದರೆ ನನ್ನ ಹೆಂಡತಿ. ಪುಟ್ಟಿ ನಗಲಿಲ್ಲ. ಮಲಗುವ ಹೊತ್ತಿಗೆ ಕೇಳಿದಳು.

"ಅಪ್ಪಾ, ಇಂಡಿಯಾಕ್ಕೆ ಹೋಗು ಅಂದ್ರೆ ಅಜ್ಜಿ ಮನೆಗೆ ಹೋಗು ಅಂತ ಅಲ್ವಾ? ಅದರಲ್ಲಿ ಬೈಯೋದೇನಿದೆ?"

ಅವಳ ಲೆಕ್ಕದಲ್ಲಿ ಸರಿಯಾಗೇ ಇದೆ. ಹುಟ್ಟಿದ್ದು ಇಲ್ಲಿ. ಇಂಡಿಯಾ ಅಂದರೆ ಬೇಸಿಗೆ ರಜ, ಎಳನೀರು, ಹತ್ತು ಗಂಟೆಯಾದರೂ ಯಾರೂ ಮಲಗು ಅನ್ನದ ಊರು. ಹೋಗು ಅಂತ ಯಾರಾದರೂ ಅಂದರೆ ಟಿಕೆಟ್ ಕೊಡಿಸಿ ಅಂತ ಕೇಳುವವಳು ಅವಳು. ಮುಂದಿನ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಏನೂ ಇರಲಿಲ್ಲ.

"ಮತ್ತೆ ನೀನ್ಯಾಕೆ ನಕ್ಕೆ?"

ನಿನಗೆ ಇಲ್ಲಿನ ಸುದ್ದಿ ಅಷ್ಟಾಗಿ ಬರಲಿಕ್ಕಿಲ್ಲ, ಸ್ವಲ್ಪ ಹೇಳಿಬಿಡುತ್ತೇನೆ. ನಾನು ಬಂದ 2011ರಲ್ಲಿ ಡಬ್ಲಿನ್ನಿನ ಬೀದಿಯಲ್ಲಿ ಇನ್ನೊಂದು ಕರಿ ತಲೆ ಕಂಡರೆ 'ಎಲ್ಲಿಯವರು?' ಅಂತ ನಿಲ್ಲಿಸಿ ಮಾತಾಡಿಸುತ್ತಿದ್ದೆವು. 2022ರ ಜನಗಣತಿ ಹೊತ್ತಿಗೆ ಭಾರತದ ಪೌರರೇ 45 ಸಾವಿರ ದಾಟಿದ್ದರು. ಆಸ್ಪತ್ರೆಗೆ ಹೋದರೆ ಮಲಯಾಳಂ, ಆಫೀಸಿಗೆ ಹೋದರೆ ತೆಲುಗು. 2017ರಲ್ಲಿ ಮುಂಬೈ ಮೂಲದ ಡಾಕ್ಟರ ಮಗ ಲಿಯೊ ವರಾಡ್ಕರ್ ಇಲ್ಲಿ ಪ್ರಧಾನಿಯೇ ಆದ. ಆವತ್ತು ನೀನು ಮೆಸೇಜ್ ಹಾಕಿದ್ದೆ, 'ಮುಂದಿನ ಸಲ ನೀನು ನಿಲ್ಲು, ಠೇವಣಿ ನಂದು' ಅಂತ. ಆದರೆ ಜೊತೆಜೊತೆಗೇ ಬಾಡಿಗೆ ಏರಿತು, ಮನೆಗಳು ಸಿಗದಂತಾದವು, ಅದಕ್ಕೆಲ್ಲ ಹೊರಗಿನವರೇ ಕಾರಣ ಅನ್ನುವ ಮಾತೂ ಏರಿತು. 2023ರ ನವೆಂಬರಿನಲ್ಲಿ ಊರ ನಡುವೆ ಬಸ್ಸು, ಟ್ರಾಮು ಸುಟ್ಟರು.

2025ರ ಜುಲೈನಲ್ಲಿ ಟಾಲಾ ಅನ್ನುವ ಕಡೆ ನಮ್ಮವರೊಬ್ಬರನ್ನು ಗುಂಪು ಸೇರಿ ಹೊಡೆದು, ಬಟ್ಟೆ ಕಿತ್ತು, ಮೈಯೆಲ್ಲ ರಕ್ತ ಮಾಡಿ ಬಿಟ್ಟರು. ಆತ ಈ ದೇಶಕ್ಕೆ ಬಂದು ಕೆಲವೇ ವಾರ ಆಗಿತ್ತು. ಮೇಲಿಂದ ಸುಳ್ಳು ಆರೋಪ ಬೇರೆ ಹರಡಿದರು. ಆಮೇಲೆ ಅದೇ ಊರಿನ ನೂರಾರು ಜನ ಆತನ ಪರವಾಗಿ ಮೆರವಣಿಗೆ ಮಾಡಿದರು, ಅದನ್ನೂ ಹೇಳಬೇಕು. ಆಗಸ್ಟ್ 1ಕ್ಕೆ ನಮ್ಮ ರಾಯಭಾರ ಕಚೇರಿಯವರು, ಹುಷಾರಾಗಿರಿ, ಹೊತ್ತಲ್ಲದ ಹೊತ್ತಿನಲ್ಲಿ ನಿರ್ಜನ ಜಾಗಗಳಿಗೆ ಹೋಗಬೇಡಿ ಅಂತ ಸೂಚನೆ ಹೊರಡಿಸಿದರು. ಅದಾಗಿ ವಾರ ತುಂಬುವ ಮೊದಲೇ ವಾಟರ್‌ಫರ್ಡಿನಲ್ಲಿ ಆರು ವರ್ಷದ ಹುಡುಗಿ, ನರ್ಸ್ ಒಬ್ಬರ ಮಗಳು, ತನ್ನದೇ ಮನೆ ಮುಂದೆ ಆಡುತ್ತಿದ್ದಾಗ ಹುಡುಗರ ಕೈಲಿ ಹೊಡೆತ ತಿಂದಳು. ಆ ತಿಂಗಳು ಫೀನಿಕ್ಸ್ ಪಾರ್ಕಿನಲ್ಲಿ ಆಗಬೇಕಿದ್ದ ಇಂಡಿಯಾ ಡೇ ಮುಂದಕ್ಕೆ ಹೋಯಿತು. ಪುಟ್ಟಿ ಕೋಲಾಟಕ್ಕೆ ಕಲಿತಿದ್ದಳು. ಕೋಲು ಇನ್ನೂ ಬಾಗಿಲ ಹಿಂದೆ ನಿಂತಿದೆ.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡೇ ನಾನು ಆವತ್ತು ನಕ್ಕಿದ್ದು. ನಾಲ್ಕು ಹುಡುಗರು, ಒಬ್ಬ ನಾನು, ಒಂದು ಮಗು. ಲೆಕ್ಕ ಹಾಕಿ ನಕ್ಕೆ. ಆದರೆ ಅವಳಿಗೆ ಅದನ್ನು ಹೇಳಲಿಲ್ಲ. ಏನು ಹೇಳಿದೆ ಗೊತ್ತಾ? ಭಾಷಣ ಶುರು ಮಾಡಿದೆ. "ಆ ಹುಡುಗರಿಗೆ ಗೊತ್ತಿಲ್ಲ ಕಣಮ್ಮ. ನಾವು ಕೆಲಸಕ್ಕೆ ಅಂತ ಕರೆಸಿಕೊಂಡು ಬಂದವರು. ಟ್ಯಾಕ್ಸ್ ಕಟ್ತೀವಿ. ಸರ್ಕಾರ ಕೊಟ್ಟ ಹೋಟೆಲಲ್ಲಿ ಸುಮ್ನೆ ಕೂತು ತಿನ್ನೋರು ನಾವಲ್ಲ. ನಾವು ಅಂಥವರಲ್ಲ." ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೇಸಿಗೆಯಿಡೀ ಓಡಾಡಿದ್ದು ಇದೇ ಸಾಲು. ನಾನೂ ಎರಡು ಸಲ ಫಾರ್ವರ್ಡ್ ಮಾಡಿದ್ದೆ.

ಪುಟ್ಟಿ ಎದ್ದು ಕೂತಳು. "ಅಂಥವರು ಅಂದ್ರೆ ಯಾರು?"

ನಾನು ತಡವರಿಸಿದೆ. ಅವಳೇ ಅಂದಳು: ಅವಳ ಪಕ್ಕ ಕೂರುವ ಹುಡುಗಿ ಎರಡು ವರ್ಷ ಅಮ್ಮನ ಜೊತೆ ಅಂಥ ಹೋಟೆಲಿನಲ್ಲೇ ಇದ್ದಳಂತೆ. ನೈಜೀರಿಯಾದವರು. ಆಶ್ರಯ ಕೇಳಿ ಬಂದವರನ್ನು ಇಲ್ಲಿ ಹಾಗೇ ಇಡುತ್ತಾರೆ, ಅರ್ಜಿ ಇತ್ಯರ್ಥ ಆಗುವವರೆಗೆ. ಇಬ್ಬರೂ ಜೀವದ ಗೆಳತಿಯರು. ಐರಿಷ್ ಭಾಷೆಯಲ್ಲಿ ಕಪ್ಪು ಮೈಯವರನ್ನು 'ನೀಲಿ ಮನುಷ್ಯ' ಅಂತಾರಂತೆ. ಅದು ಗೊತ್ತಾದ ದಿನ ಪುಟ್ಟಿ ಅವಳಿಗೆ 'ಹಾಗಾದ್ರೆ ನೀನು ನಮ್ಮ ಕೃಷ್ಣ' ಅಂತ ಹೇಳಿ, ಮನೆಯಿಂದ ನವಿಲುಗರಿ ಒಯ್ದು ಕೊಟ್ಟಿದ್ದಳು.

"ಅವಳ ಮೇಲೆ ಮೊಟ್ಟೆ ಎಸೆದ್ರೆ ಸರೀನಾ ಅಪ್ಪಾ?"

ಲೈಟ್ ಆರಿಸಿ ಹೊರಗೆ ಬಂದೆ. ಅಂಥವರು. ಈ ಮಾತು ನನ್ನ ಬಾಯಿಗೆ ಹೊಸದು, ಕಿವಿಗೆ ಹಳೇದು. ಎಲ್ಲಿ ಕೇಳಿದ್ದೆ ಅಂತ ಬಹಳ ಹುಡುಕಬೇಕಾಗಲಿಲ್ಲ.

ಇನ್ನು ಮುಂದಿನದು ಬರೆಯಬೇಕು ಅಂತ ಹೊರಟಿರಲಿಲ್ಲ, ಚಂದ್ರು.

2002. ಹಾಸ್ಟೆಲ್ ಸಾಕಾಗಿ ಇಬ್ಬರೂ ಮೈಸೂರಿನ ಸರಸ್ವತಿಪುರಂನಲ್ಲಿ ರೂಮ್ ಹುಡುಕುತ್ತಿದ್ದೆವಲ್ಲ. ಮಹಡಿ ಮೇಲಿನ ಆ ಮನೆ, ಎದುರಿಗೆ ಹೊಂಗೆ ಮರ. ಯಜಮಾನರು ಒಳಗೆ ಕೂರಿಸಿದರು, ಅವರ ಮನೆಯವರು ಕಾಫಿ ಕೊಟ್ಟರು. ಆಮೇಲೆ ಆ ಪ್ರಶ್ನೆ: "ನಿಮ್ಮದು ಯಾವ ಪೈಕಿ?" ನಾನು ನೆಲ ನೋಡಿದೆ. ನೀನು ನೆಟ್ಟಗೆ ಹೇಳಿದೆ, ಊರಿನ ಹೆಸರು ಹೇಳುವ ಹಾಗೆ. ಎದ್ದು ಹೊರಡುವಾಗ ಆಕೆ ನನ್ನ ಲೋಟಕ್ಕೆ ಕೈ ಚಾಚಿದರು. ನೀನು ಕೊಡಲು ಹೋದರೆ "ಅಲ್ಲೇ ಇಡಪ್ಪ" ಅಂದರು. ನಾನು ನೋಡಿದೆ. ನಾನು ನೋಡಿದ್ದನ್ನು ನೀನೂ ನೋಡಿದೆ.

ಮಾರನೇ ದಿನ ಒಬ್ಬನೇ ಹೋಗಿದ್ದೆ, ಅದು ನಿನಗೆ ಗೊತ್ತು. ವಾಪಸ್ ಬಂದು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿನಗೆ ಹೇಳಿದ್ದು ಏನು? ಯಜಮಾನರ ಮಗ ಅಮೆರಿಕದಿಂದ ವಾಪಸ್ ಬರ್ತಿದಾನಂತೆ, ಮನೆ ಕೊಡಲ್ವಂತೆ. ಅಂಥ ಮಗನೇ ಇರಲಿಲ್ಲ ಕಣೋ. "ನೀವೊಬ್ಬರೇ ಆದ್ರೆ ಬನ್ನಿ. ಅಂಥವರಿಗೆಲ್ಲ ನಾವು ಕೊಡಲ್ಲ" ಅಂದರು. ನಾನು ಏನಂದೆ? "ಪರವಾಗಿಲ್ಲ ಸಾರ್, ಅರ್ಥ ಆಗುತ್ತೆ" ಅಂದೆ. ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ಇಪ್ಪತ್ತಮೂರು ವರ್ಷದಿಂದ ನನ್ನ ಬಗ್ಗೆ ನಾನು ಇಟ್ಟುಕೊಂಡಿದ್ದ ಕಥೆ ಏನು ಅಂದರೆ, ಗೆಳೆಯನಿಗೆ ನೋವಾಗದಿರಲಿ ಅಂತ ಒಂದು ಒಳ್ಳೆ ಸುಳ್ಳು ಹೇಳಿದೆ ಅಂತ. ಆ ಥ್ಯಾಂಕ್ಸನ್ನು ಕಥೆಯಿಂದ ಯಾವಾಗ ಕಿತ್ತು ಹಾಕಿದೆನೋ ನನಗೇ ಗೊತ್ತಿಲ್ಲ.

ಏರಿ ಮೇಲೆ ನೀನು ನಕ್ಕೆ. "ಅಮೆರಿಕದ ಮಗಾನಾ? ಸರಿ ಬಿಡು" ಅಂದೆ. ನಿನಗೆ ಆವತ್ತೇ ಗೊತ್ತಿತ್ತು, ಅಲ್ವಾ? ಆ ನಗುವನ್ನು ನಾನು ಇಷ್ಟು ವರ್ಷ 'ಚಂದ್ರು ಏನನ್ನೂ ಮನಸಿಗೆ ಹಚ್ಚಿಕೊಳ್ಳಲ್ಲ' ಅಂತ ಜಮಾ ಮಾಡಿಕೊಂಡಿದ್ದೆ. ಬಸ್ ಸ್ಟಾಪಿನಲ್ಲಿ ಅದೇ ನಗು ನನ್ನ ಮುಖದ ಮೇಲೆ ಬಂದು ಕೂತಾಗ ಒಳಗೆ ಏನಿರುತ್ತೆ ಅಂತ ತಿಳಿಯಿತು.

ಒಂದು ವ್ಯತ್ಯಾಸ ಮಾತ್ರ ಇದೆ. ನಾನು ಬೇಕಾದರೆ ನಾಳೆ ಅರಸೀಕೆರೆಗೆ ಹೋಗಬಹುದು. ಅಲ್ಲಿ ಯಾರೂ ನನ್ನ ಲೋಟ ಅಲ್ಲೇ ಇಡು ಅನ್ನಲ್ಲ. ನಿನಗೆ ಅಂದವರು ನಿನ್ನ ಊರಿನವರೇ.

ಸರಿ. ಪುಟ್ಟಿಯ ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ಈ ಪತ್ರ ನನ್ನದೇ ತಿಥಿ ಊಟ ಆಗುತ್ತೆ.

ಭಾನುವಾರ ಬೆಳಿಗ್ಗೆ ಅವಳನ್ನು ಪಕ್ಕ ಕೂರಿಸಿಕೊಂಡು ಹೇಳಿದೆ. "ನಾನು ಹೆದರಿದ್ದೆ. ಹೆದರಿಕೆಗೆ ನಕ್ಕೆ. ತಮಾಷೆ ಅಂತ ಅಲ್ಲ. ಅವರು ಮಾಡಿದ್ದು ತಪ್ಪು, ನೀನು ಏನೂ ಮಾಡಿಲ್ಲ. ನಿನ್ನ ಗೆಳತಿ ಮೇಲೆ ಎಸೆದರೂ ಅಷ್ಟೇ ತಪ್ಪು. ನಿನ್ನೆ ನಾನು ಹೇಳಿದ್ದು ಸುಳ್ಳು." ಭಾರೀ ಮಾತೇನಲ್ಲ. ಅವಳು "ನಂಗೂ ಹೆದ್ರಿಕೆ ಆಯ್ತು" ಅಂದಳು. ಆಮೇಲೆ ಮೊದಲ ಸಲ ಅತ್ತಳು. ರಾತ್ರಿಯಿಡೀ ಅಳು ಹಿಡಿದುಕೊಂಡಿದ್ದಳು, ಅಪ್ಪ ನಗ್ತಿದಾನಲ್ಲ ಅಂತ.

ಆಮೇಲೆ ಇಬ್ಬರೂ ಕೂತು ದೂರು ಬರೆದೆವು. ಇಲ್ಲಿನ ಪೊಲೀಸರಿಗೆ ಗಾರ್ಡಾ ಅನ್ನುತ್ತಾರೆ. ದ್ವೇಷದಿಂದ ಮಾಡಿದ ಅಪರಾಧಕ್ಕೆ ಹೆಚ್ಚಿನ ಶಿಕ್ಷೆ ಕೊಡುವ ಕಾಯ್ದೆ 2024ರ ಕೊನೆಯ ದಿನ ಜಾರಿಗೆ ಬಂದಿದೆ. ಅದಲ್ಲದೆ ವರ್ಣದ್ವೇಷದ ಪ್ರಕರಣಗಳನ್ನು ಸಂಗ್ರಹಿಸುವ 'ಐರಿಪೋರ್ಟ್' ಅಂತ ಒಂದಿದೆ, ಐರಿಷ್ ನೆಟ್‌ವರ್ಕ್ ಅಗೇನ್ಸ್ಟ್ ರೇಸಿಸಂನವರದು. ಹುಡುಗರು ಸಿಗುತ್ತಾರೆ ಅನ್ನುವ ಆಸೆ ನನಗಿಲ್ಲ. ಆದರೆ ಬರೆಯುವಾಗ ಒಂದು ತಮಾಷೆ ಆಯಿತು. ನಾನು 'ಒಂದು ಮೊಟ್ಟೆ' ಅಂತ ಟೈಪ್ ಮಾಡಿದೆ. ಪುಟ್ಟಿ ತಡೆದಳು. "ಎರಡು. ಇನ್ನೊಂದು ಹಿಂದುಗಡೆ ಗಾಜಿಗೆ ಬಿತ್ತು. ನೀನು ನೋಡ್ಲಿಲ್ಲ, ನೀನು ನಗ್ತಿದ್ದೆ." ಎಷ್ಟು ಹುಡುಗರು, ಯಾವ ಬಣ್ಣದ ಟೋಪಿ, ಯಾರು ಏನು ಅಂದರು, ಎಲ್ಲ ಅವಳೇ ಹೇಳಿದಳು. ಹೇಳುತ್ತಾ ಹೇಳುತ್ತಾ ಬೆನ್ನು ನೆಟ್ಟಗಾಯಿತು. ತನಗೆ ಆದದ್ದನ್ನು ಒಬ್ಬರು ಕೂತು, ಸರಿಯಾಗಿ, ತಿದ್ದಿ ತಿದ್ದಿ ಬರೆದುಕೊಳ್ಳುತ್ತಿದ್ದಾರೆ ಅನ್ನುವುದೇ ಒಂದು ಔಷಧಿ ಇರಬೇಕು. ನಿನಗೆ ಅದನ್ನು ಯಾರೂ ಮಾಡಲಿಲ್ಲ.

ಹೋದ ವಾರ ನದಿ ದಂಡೆಯ ಬರಗಾಲದ ಪ್ರತಿಮೆಗಳ ಹತ್ತಿರ ಹೋಗಿದ್ದೆವು. ಎಲುಬು ಗೂಡಿನಂಥ ಜನ ಗಂಟು ಹಿಡಿದು ಹಡಗಿನ ಕಡೆ ನಡೆಯುವ ಹಾಗೆ ನಿಲ್ಲಿಸಿದ್ದಾರೆ. 1845ರಲ್ಲಿ ಇಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಶುರುವಾದ ಬರದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರು, ಮತ್ತೆ ಅಷ್ಟೇ ಜನ ದೇಶ ಬಿಟ್ಟರು. "ಇವರಿಗೂ ವಾಪಸ್ ಹೋಗಿ ಅಂದಿದ್ರಾ?" ಅಂದಳು. ಅಂದಿದ್ದರು, ಅಮೆರಿಕದಲ್ಲಿ, ಅಂದೆ. "ಹಂಗಾದ್ರೆ ಇವರ ಮೊಮ್ಮಕ್ಕಳಿಗೆ ಗೊತ್ತಿರಬೇಕಿತ್ತು." ನಾನು ಐಸ್‌ಕ್ರೀಮ್ ಬೇಕಾ ಅಂತ ಕೇಳಿದೆ. ಉತ್ತರ ಗೊತ್ತಿಲ್ಲದಾಗ ಐಸ್‌ಕ್ರೀಮ್ ಕೊಡಿಸುವ ಪದ್ಧತಿ ನಮ್ಮದು.

ನೀನೀಗ ಹುಣಸೂರಿನಲ್ಲಿ ಕೂತು ಇದನ್ನು ಓದಿ ಕನ್ನಡಕ ಒರೆಸಿಕೊಳ್ಳುತ್ತಾ 'ಏನೋ ಇವನು, ಡಬ್ಲಿನ್ನಿಗೆ ಹೋಗಿ ಮೊಟ್ಟೆ ತಿಂದ ಮೇಲೆ ಜ್ಞಾನೋದಯ' ಅಂತೀಯ. ಅನ್ನು. ಹಕ್ಕಿದೆ. ಉತ್ತರ ಬರೆಯಬೇಕು ಅಂತಿಲ್ಲ. ಚಟ್ನಿಪುಡಿ ಕಳಿಸಿದರೆ ಸಾಕು, ಖಾರ ಜಾಸ್ತಿ ಇರೋದು.

ಹಾಂ, ಒಂದು ಮರೆತೆ. 2001ರಲ್ಲಿ ಡರ್ಬನ್ನಿನಲ್ಲಿ ವರ್ಣಭೇದದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ಆದಾಗ, ಜಾತಿ ಅಲ್ಲಿ ಚರ್ಚೆಗೆ ಬರಬಾರದು ಅಂತ ನಮ್ಮ ಸರ್ಕಾರ ಪಟ್ಟು ಹಿಡಿದಿತ್ತಲ್ಲ. ಗಂಗೋತ್ರಿ ಕ್ಯಾಂಪಸ್ಸಿನ ಚರ್ಚಾಸ್ಪರ್ಧೆಯಲ್ಲಿ ಜಾತಿ ಅಲ್ಲಿ ಚರ್ಚೆಗೆ ಬರಲೇಬೇಕು ಅಂತ ನೀನು, 'ಜಾತಿಯೇ ಬೇರೆ, ಜನಾಂಗವೇ ಬೇರೆ' ಅಂತ ನಾನು. ಮೇಜು ಗುದ್ದಿ ಮಾತಾಡಿ ನಾನು ಮೊದಲನೇ ಬಹುಮಾನ ಹೊಡೆದೆ. ಸ್ಟೀಲ್ ಬಟ್ಟಲು. ಅದು ಅಮ್ಮನ ಮನೇಲಿ ಇನ್ನೂ ಇದೆ. ಹಿತ್ತಿಲ ಬೆಕ್ಕಿಗೆ ಅದರಲ್ಲೇ ಹಾಲು ಹಾಕುತ್ತಾಳಂತೆ. ಬೆಕ್ಕು ಅರ್ಧ ಕುಡಿದು ಬಿಡುತ್ತಂತೆ.

ನಿನ್ನ,
ಬಕೆಟ್